ಓದುಗರ ಪ್ರಶ್ನೆ: ಅಂತರಿಕ್ಷದ ಪೇಟೆಯಲ್ಲಿ ರೊಕ್ಕ ಹೇಗೆ ಓಡುತ್ತದೆ?

ಪ್ರಶ್ನೆ (ಜಮಖಂಡಿಯಿಂದ): ನಾ ಬರಿಯಾಕ ಹತ್ತಿದ ಕಾದಂಬರಿಯೊಳಗ ಭೂಮಿ, ಚಂದ್ರ, ಮಂಗಳ ಮೂರೂ ಕಡೆ ಒಂದೇ ರೊಕ್ಕ ಓಡತೈತಿ. ಯುಪಿಐ ಮಾಡಿದಂಗ ತಟ್ಟನ ಕೊಡೂದು, ತಟ್ಟನ ತಗೊಳ್ಳೂದು. ಇದರಾಗ ತಪ್ಪೇನರ ಐತೇನ್ರಿ?

ಉತ್ತರ: ಚಂದ್ರನ ಮಟ್ಟಿಗೆ ತಪ್ಪಿಲ್ಲ. ಬೆಳಕು ಅಲ್ಲಿಗೆ 1.3 ಸೆಕೆಂಡಿನಲ್ಲಿ ಮುಟ್ಟುತ್ತದೆ. ಮಂಗಳಕ್ಕೆ ಹೋದರೆ ಲೆಕ್ಕ ಕೆಡುತ್ತದೆ. ಎರಡೂ ಗ್ರಹಗಳು ಎಲ್ಲಿವೆ ಎಂಬುದರ ಮೇಲೆ ಸಂದೇಶ ಒಂದು ಕಡೆ ಹೋಗಲಿಕ್ಕೇ ಸುಮಾರು 3ರಿಂದ 22 ನಿಮಿಷ ಬೇಕು. ಒಂದೇ ಖಾತೆಯನ್ನು ಎರಡೂ ಕಡೆ ತೆರೆದಿಟ್ಟರೆ, ಗಂಡ ಇಲ್ಲಿ 1 ಲಕ್ಷ ತೆಗೆಯುತ್ತಾನೆ, ಅದೇ 20 ನಿಮಿಷದಲ್ಲಿ ಹೆಂಡತಿ ಅಲ್ಲಿ ಅದೇ 1 ಲಕ್ಷ ತೆಗೆಯುತ್ತಾಳೆ. ಬ್ಯಾಂಕಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಎರಡೂ ಅಂಗಡಿಯವರು ಮಾಲು ಕೊಟ್ಟಾಗಿರುತ್ತದೆ. ಬಿಟ್‌ಕಾಯಿನ್ (ಬ್ಯಾಂಕಿಲ್ಲದೆ ಹಲವರ ಕಂಪ್ಯೂಟರುಗಳು ಸೇರಿ ಒಂದೇ ಲೆಕ್ಕ ಇಡುವ ಡಿಜಿಟಲ್ ರೊಕ್ಕ) ತಂದರೂ ಬಗೆಹರಿಯದು. ಅದರಲ್ಲಿ ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್, ಅಂದರೆ ಲೆಕ್ಕದ ಹೊಸ ಪುಟ, ಕೂಡುತ್ತದೆ. ಗಣಿಗಾರಿಕೆ (ಆ ಪುಟ ಸೇರಿಸುವ ಕಂಪ್ಯೂಟರುಗಳ ಪೈಪೋಟಿ) ಹೆಚ್ಚಾಗಿ ಭೂಮಿಯಲ್ಲೇ ನಡೆಯುತ್ತಿದ್ದರೆ ಮಂಗಳದವನಿಗೆ ಹೊಸ ಬ್ಲಾಕಿನ ಸುದ್ದಿ ಬರುವ ಹೊತ್ತಿಗೆ ಇಲ್ಲಿ ಒಂದೆರಡು ಬ್ಲಾಕ್ ಮುಂದೆ ಹೋಗಿರುತ್ತವೆ. ಅವನು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹೀಗೆ ಬರೆಯಿರಿ: ಒಂದು ರೊಕ್ಕ ಒಂದೇ ಕಿರ್ದಿಯಲ್ಲಿರಬೇಕು. ಮಂಗಳಕ್ಕೆ ಕಳಿಸುವುದಾದರೆ ಮೊದಲು ಇಲ್ಲಿ ಖರ್ಚು ಬರೆದು, ಆಮೇಲೆ ಸಹಿ ಮಾಡಿದ ಸಂದೇಶ ಕಳಿಸಿ, ಅದು ಮುಟ್ಟಿದ ಮೇಲೆ ಅಲ್ಲಿ ಜಮಾ ಮಾಡಬೇಕು. ನಡುವಿನ ಹೊತ್ತಿನಲ್ಲಿ ಆ ರೊಕ್ಕ ಯಾರ ಕೈಯಲ್ಲೂ ಇಲ್ಲ. ಇದು ನಮ್ಮ ಹಳೆಯ ಪೇಟೆಗಳ ಹುಂಡಿಯೇ, ಅಂದರೆ ಒಂದೂರಿನಲ್ಲಿ ರೊಕ್ಕ ಕಟ್ಟಿ ಇನ್ನೊಂದೂರಿನಲ್ಲಿ ಪಡೆಯುವ ಕಾಗದ. ತೋರಿಸಿದ ಕೂಡಲೇ ರೊಕ್ಕ ಕೊಡಬೇಕಾದದ್ದು ದರ್ಶನಿ ಹುಂಡಿ, ಗೊತ್ತುಮಾಡಿದ ದಿನ ಕಳೆದ ಮೇಲೆ ಕೊಡುವಂಥದ್ದು ಮುದ್ದತಿ ಹುಂಡಿ. ಇವೆರಡಕ್ಕಿಂತ ನಿಮ್ಮ ಕಥೆಗೆ ಹೆಚ್ಚು ಬೇಕಾದದ್ದು ಜೋಖಮಿ ಹುಂಡಿ: ಹಡಗು ಸುರಕ್ಷಿತವಾಗಿ ದಡ ಮುಟ್ಟಿದರೆ ಮಾತ್ರ ರೊಕ್ಕ, ಮುಳುಗಿದರೆ ಹುಂಡಿ ಕೊಂಡವನಿಗೇ ನಷ್ಟ. ಸಾಲ, ವಿಮೆ ಎರಡೂ ಒಂದೇ ಕಾಗದದಲ್ಲಿ. ಅಂತರಿಕ್ಷ ನೌಕೆಗೆ ಇದಕ್ಕಿಂತ ಒಪ್ಪುವ ಪತ್ರ ಇನ್ನೊಂದಿಲ್ಲ.

ಮೂರೂ ಕಡೆ ಒಂದೇ ನಾಣ್ಯ ಯಾಕಿರಬೇಕು ಎಂಬುದನ್ನೂ ಯೋಚಿಸಿ. ವಿಜಯಪುರದ ಎರಡನೇ ಅಲಿ ಆದಿಲ್‌ಶಾಹನ ಕಾಲದಲ್ಲಿ (1656–1672) ಬೆಳ್ಳಿತಂತಿಯನ್ನು ಮಡಚಿ ಅಚ್ಚು ಒತ್ತಿದ 'ಲಾರಿ' ಎಂಬ ನಾಣ್ಯ ಬಂತು. ಪರ್ಷಿಯಾ ಕೊಲ್ಲಿಯ ವ್ಯಾಪಾರಿಗಳಿಗೆ ಗೊತ್ತಿದ್ದ ಆಕಾರ ಅದು. ಊರೊಳಗೆ ಓಡುವ ನಾಣ್ಯ ಬೇರೆ, ಸಮುದ್ರದಾಚೆಯವರು ನಂಬುವ ನಾಣ್ಯ ಬೇರೆ. ನಿಮ್ಮ ಮಂಗಳಕ್ಕೂ ಹೀಗೆ ಎರಡು ರೊಕ್ಕ ಕೊಟ್ಟರೆ ವಿನಿಮಯ ದರ, ಕಸರು (ಬದಲಾಯಿಸುವಾಗಿನ ಕಡಿತ), ಮೋಸ ಎಲ್ಲಕ್ಕೂ ಜಾಗ ಸಿಗುತ್ತದೆ. ಇನ್ನೊಂದು ಮಾತು: ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಎರಡೂ ಗ್ರಹಗಳ ನಡುವೆ ಬಂದು, ಎರಡು ವಾರದ ಮಟ್ಟಿಗೆ ಸಂಪರ್ಕ ನೆಚ್ಚುವಂತಿರುವುದಿಲ್ಲ. ಆ ಎರಡು ವಾರ ಹುಂಡಿಯ ದರ ಎಲ್ಲಿಗೆ ಹೋಗುತ್ತದೆ ಎಂಬುದೇ ಒಂದು ಅಧ್ಯಾಯಕ್ಕೆ ಸಾಕು.

ಪ್ರಶ್ನೆ (ಬೆಳಗಾವಿಯಿಂದ): ನನ್ನ ವರ್ತಕ ಸಾಲ ತೆಗೆದು ಬೇರೆ ನಕ್ಷತ್ರಕ್ಕೆ ಮಾಲು ಒಯ್ಯುತ್ತಾನೆ. ವೇಗದಿಂದಾಗಿ ನೌಕೆಯಲ್ಲಿ ಕಾಲ ನಿಧಾನ. ಬಡ್ಡಿ ಯಾವ ಗಡಿಯಾರದ ಪ್ರಕಾರ?

ಉತ್ತರ: ಊರಿನ ಗಡಿಯಾರದ ಪ್ರಕಾರ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ 1978ರಲ್ಲೇ ಇದರ ಮೇಲೆ ಒಂದು ಲೇಖನ ಬರೆದರು, ಅದು ಪತ್ರಿಕೆಯಲ್ಲಿ ಅಚ್ಚಾದದ್ದು 2010ರಲ್ಲಿ. ಕಾರಣ ಸರಳ. ಆ ರೊಕ್ಕ ಮಾಲಿಗೆ ಹಾಕದೆ ಊರಲ್ಲೇ ಬಡ್ಡಿಗೆ ಬಿಟ್ಟಿದ್ದರೆ ಅದು ಊರಿನ ವರ್ಷಗಳ ಲೆಕ್ಕದಲ್ಲೇ ಬೆಳೆಯುತ್ತಿತ್ತು.

ಲೆಕ್ಕ ಹಾಕೋಣ. ನಕ್ಷತ್ರ 10 ಜ್ಯೋತಿರ್ವರ್ಷ (ಬೆಳಕಿಗೇ 10 ವರ್ಷ ಹಿಡಿಯುವಷ್ಟು) ದೂರ, ವೇಗ ಬೆಳಕಿನ ಶೇ. 80. ಹೋಗಿ ಬರಲು ಊರಿನಲ್ಲಿ 25 ವರ್ಷ, ನೌಕೆಯಲ್ಲಿ 15 ವರ್ಷ. ಶೇ. 8ರ ಚಕ್ರಬಡ್ಡಿಯಲ್ಲಿ 1 ಲಕ್ಷ ರೂಪಾಯಿ 25 ವರ್ಷಕ್ಕೆ ಸುಮಾರು 6.85 ಲಕ್ಷ ಆಗುತ್ತದೆ, 15 ವರ್ಷಕ್ಕಾದರೆ 3.17 ಲಕ್ಷ. ನಿಮ್ಮ ವರ್ತಕ ನೌಕೆಯ ಗಡಿಯಾರ ನೋಡಿ 4 ಲಕ್ಷ ತಂದು ಲಾಭವೆಂದು ಹಿಗ್ಗಿದರೆ, ಸಾವುಕಾರನ ಮನೆ ಬಾಗಿಲಲ್ಲಿ ದಿವಾಳಿ.

ಆದರೆ ಎಲ್ಲವೂ ಊರಿನ ಗಡಿಯಾರಕ್ಕೆ ಸೇರಿದ್ದಲ್ಲ. ಸಿಬ್ಬಂದಿಯ ಊಟ, ನೀರು, ಯಂತ್ರದ ಸವಕಳಿ ನೌಕೆಯ ಗಡಿಯಾರಕ್ಕೆ ಸೇರಿದವು. ಮಾಲು ಕೆಡುವುದೂ ಹಾಗೇ. ತಿಕೋಟಾದ ಒಣದ್ರಾಕ್ಷಿ ಹಾಕಿ ಕಳಿಸಿದರೆ ಅದಕ್ಕೆ ಒಂದು ಕಡೆಯ ದಾರಿಯಲ್ಲಿ 12.5 ಅಲ್ಲ, 7.5 ವರ್ಷವಷ್ಟೇ ವಯಸ್ಸಾಗುತ್ತದೆ. ಕೂಲಿ ಯಾವ ಗಡಿಯಾರಕ್ಕೆ ಎಂಬುದು ಮಾತ್ರ ಕರಾರಿನ ವಿಷಯ. ಅಲ್ಲಿ ಜಗಳ ಹಚ್ಚಿ, ಕಥೆ ಓಡುತ್ತದೆ.

ಹೆಚ್ಚಿನವರು ಮರೆಯುವುದು ಧಾರಣೆಯನ್ನು. ಹೊರಡುವ ದಿನ ಅವನ ಕೈಯಲ್ಲಿರುವ ಅಲ್ಲಿನ ದರ 10 ವರ್ಷ ಹಳೆಯದು. ಅವನು ಮುಟ್ಟಲು ಇನ್ನೂ 12.5 ವರ್ಷ. ಅಂದರೆ 22.5 ವರ್ಷದ ಹಿಂದಿನ ಪೇಟೆ ನೋಡಿ ಮಾಲು ತುಂಬಿರುತ್ತಾನೆ.

ಪ್ರಶ್ನೆ (ಇಳಕಲ್ಲಿನಿಂದ): ನಮ್ಮೂರ ಸೀರಿ ಬ್ಯಾರೆ ನಕ್ಷತ್ರಕ್ಕ ಹೋಗೂ ಹಂಗ ಬರದೀನ್ರಿ. ನಡೀತೈತೇನು?

ಉತ್ತರ: ಸೀರೆ ಹೋಗದು. ಹಿಂದಿನ ಉತ್ತರದಂತೆ ಬೆಳಕಿನ ಶೇ. 80 ವೇಗಕ್ಕೆ 1 ಕೆ.ಜಿ. ತರಲು, ಎಂಜಿನ್ನಿನ ನಷ್ಟ ಬಿಟ್ಟರೂ, ಸುಮಾರು 1,664 ಕೋಟಿ ಯೂನಿಟ್ ಶಕ್ತಿ ಬೇಕು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 11,600 ಕೋಟಿ ರೂಪಾಯಿಗೂ ಮೇಲೆ. ಅಲ್ಲಿ ನಿಲ್ಲಿಸಲಿಕ್ಕೆ ಮತ್ತಷ್ಟು ಬೇಕು.

ಹೋಗಬಲ್ಲದ್ದು ನೇಯುವ ಬಗೆ. ಒಡಲಿನ ಹಾಸನ್ನೂ (ಉದ್ದಕ್ಕೆ ಹಾಯುವ ಎಳೆಗಳನ್ನೂ) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವ ಕ್ರಮ, ಅಂಚಿನ ವಿನ್ಯಾಸ, ಬಣ್ಣದ ಪ್ರಮಾಣ ಇವನ್ನೆಲ್ಲ ಅದೇ 10 ಜ್ಯೋತಿರ್ವರ್ಷದ ನಕ್ಷತ್ರಕ್ಕೆ ರೇಡಿಯೋದಲ್ಲಿ ಕಳಿಸಿದರೆ 10 ವರ್ಷಕ್ಕೆ ಮುಟ್ಟುತ್ತವೆ, ತೂಕವೇ ಇಲ್ಲ. ತೊಡಕು ಇರುವುದು ವಸೂಲಿಯಲ್ಲಿ. ಮೊದಲೇ ಕಳಿಸಿದರೆ ಅವರು ನಕಲು ಮಾಡಿಕೊಂಡು ಸುಮ್ಮನಾಗಬಹುದು. ಬೀಗ ಹಾಕಿದ ಸಂದೇಶ ಕಳಿಸಿ, ರೊಕ್ಕದ ಸುದ್ದಿ ಬಂದ ಮೇಲೆ ಬೀಗದ ಕೀಲಿ ಕಳಿಸುತ್ತೇನೆಂದರೆ 10 ಮತ್ತು 10 ಮತ್ತು 10, ಒಟ್ಟು 30 ವರ್ಷ. ಆದ್ದರಿಂದ ಅಲ್ಲೊಬ್ಬ ಅಡತಿ ಬೇಕು: ಕೀಲಿ ಅವನ ಹತ್ತಿರ, ರೊಕ್ಕ ಎಣಿಸಿಕೊಂಡು ಕೀಲಿ ಕೊಡುತ್ತಾನೆ, ತನ್ನ ದಲಾಲಿ ಹಿಡಿದು ಉಳಿದದ್ದನ್ನು ನಿಮ್ಮ ಹೆಸರಿಗೆ ಜಮಾ ಮಾಡುತ್ತಾನೆ. ಆ ಜಮೆಯಿಂದ ನೀವು ಅಲ್ಲಿನ ವಿದ್ಯೆ ಕೊಳ್ಳಬೇಕು, ಯಾಕೆಂದರೆ ಆ ರೊಕ್ಕ ಇಲ್ಲಿಗೆ ಬೇರೆ ರೂಪದಲ್ಲಿ ಬರಲಾರದು. ಆ ಅಡತಿಯನ್ನೇ ಮುಖ್ಯ ಪಾತ್ರ ಮಾಡಿ ನೋಡಿ. ಇಪ್ಪತ್ತು ವರ್ಷ ಯಾರೂ ಬಂದು ಲೆಕ್ಕ ಕೇಳಲಾಗದ ಜಾಗದಲ್ಲಿ ಕೂತವನು ಅವನು.

ಪ್ರಶ್ನೆ (ಬಾಗಲಕೋಟೆಯಿಂದ): ನಾಯಕ ಚಿನ್ನದ ಕ್ಷುದ್ರಗ್ರಹ ಎಳೆದು ತಂದು ಜಗತ್ತಿನ ದೊಡ್ಡ ಶ್ರೀಮಂತನಾಗುತ್ತಾನೆ. ಸರಿಯೇ?

ಉತ್ತರ: ಮನುಷ್ಯರು ಇದುವರೆಗೆ ಅಗೆದ ಚಿನ್ನವೆಲ್ಲ ಸೇರಿ 2 ಲಕ್ಷ ಟನ್ನಿಗಿಂತ ಸ್ವಲ್ಪ ಹೆಚ್ಚು. ಇನ್ನೊಂದು 2 ಲಕ್ಷ ಟನ್ ಬರುತ್ತಿದೆ ಎಂಬ ಸುದ್ದಿಗೇ ಧಾರಣೆ ಬಿದ್ದುಹೋಗುತ್ತದೆ, ಮಾಲು ಇಳಿಯುವವರೆಗೂ ಕಾಯುವುದಿಲ್ಲ. ಅವನನ್ನು ಚಂದ್ರನ ನೀರನ್ನು ಅಂತರಿಕ್ಷ ನಿಲ್ದಾಣಗಳಿಗೆ ಮಾರುವ ವ್ಯಾಪಾರಿ ಮಾಡಿ. ಭೂಮಿಯಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕು, ಚಂದ್ರನಿಂದ 2.4 ಸಾಕು. ಶಕ್ತಿಯ ಲೆಕ್ಕದಲ್ಲಿ ಸುಮಾರು 22 ಪಟ್ಟು ಅಗ್ಗ. ಒಬ್ಬ ಮನುಷ್ಯನಿಗೆ ದಿನಕ್ಕೆ ಬೇಕಾದ ಆಮ್ಲಜನಕ 0.84 ಕೆ.ಜಿ., ಅದನ್ನು ಒಡೆದು ತೆಗೆಯಲು ನೀರು ಸುಮಾರು 0.95 ಕೆ.ಜಿ. ಸಾವಿರ ಜನರ ನಿಲ್ದಾಣವಿದ್ದರೆ ಉಸಿರಾಡಲಿಕ್ಕೇ ದಿನಕ್ಕೆ 950 ಲೀಟರ್ ನೀರಿನ ಗಿರಾಕಿ. ನಿಲ್ದಾಣದವರು ಬಿಟ್ಟ ಗಾಳಿಯಿಂದ ಆಮ್ಲಜನಕ ಮರಳಿ ಪಡೆಯುವ ಯಂತ್ರ ಹಾಕಿಕೊಂಡ ದಿನ ಅವನ ಗಿರಾಕಿ ಇಳಿಯುತ್ತದೆ, ಅದನ್ನೂ ಕಥೆಯಲ್ಲಿ ತನ್ನಿ.