ಓದುಗರ ಪ್ರಶ್ನೆ: ಕಮ್ಯುನಿಟಿ ಕಾಲೇಜಿಗೆ ದುಡ್ಡು ಎಲ್ಲಿಂದ ಬರುತ್ತದೆ?

(ಅಮೆರಿಕದಲ್ಲಿರುವ ಓದುಗರು ಅಲ್ಲಿನ ಎರಡು ವರ್ಷದ ಕಾಲೇಜುಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.)

ಪ್ರಶ್ನೆ: ಮಗ ಕ್ಯಾಲಿಫೋರ್ನಿಯದ ಕಮ್ಯುನಿಟಿ ಕಾಲೇಜು ಸೇರಿದ್ದಾನೆ. ಯೂನಿಟ್ಟಿಗೆ (ಕೋರ್ಸಿನ ಗಾತ್ರ ಅಳೆಯುವ ಲೆಕ್ಕ, ಕ್ರೆಡಿಟ್ ಎಂದೂ ಹೇಳುತ್ತಾರೆ) 46 ಡಾಲರ್ ಫೀಸು. ಇಷ್ಟರಲ್ಲಿ ಕಾಲೇಜು ನಡೆಯುವುದು ಹೇಗೆ? ಫೀಸು ನಾವೇ ಕಟ್ಟುತ್ತೇವೆ ಎಂದರೂ, ನೆರವಿನ ಅರ್ಜಿ ತುಂಬಿ ಎಂದು ಕಾಲೇಜಿನವರು ಬೆನ್ನು ಬಿದ್ದಿದ್ದಾರೆ. ಯಾಕೆ?

ಉತ್ತರ: ಆ ಫೀಸು 2012ರಿಂದ ಏರಿಲ್ಲ. ಕಾಲೇಜಿನ ಖರ್ಚಿನಲ್ಲಿ ಅದರದು ಸಣ್ಣ ಪಾಲು. ಪ್ರತಿ ಕಾಲೇಜು ಜಿಲ್ಲೆಗೂ (ಒಂದೋ ಹಲವೋ ಕಾಲೇಜು ನಡೆಸುವ ಸ್ಥಳೀಯ ಆಡಳಿತ ಘಟಕ) ಎಷ್ಟು ಹಣ ಸಲ್ಲಬೇಕೆಂದು ರಾಜ್ಯ ಒಂದು ಸೂತ್ರದ ಪ್ರಕಾರ ಲೆಕ್ಕ ಹಾಕುತ್ತದೆ. ಅದರಲ್ಲಿ ಸ್ಥಳೀಯ ಆಸ್ತಿ ತೆರಿಗೆ ಮತ್ತು ಫೀಸು ಕಳೆದು, ಉಳಿದದ್ದನ್ನು ರಾಜ್ಯ ತುಂಬಿಕೊಡುತ್ತದೆ. ಆಸ್ತಿ ತೆರಿಗೆಯೇ ಸೂತ್ರದ ಮೊತ್ತವನ್ನು ಮೀರುವ ಕೆಲವು ಶ್ರೀಮಂತ ಜಿಲ್ಲೆಗಳಿವೆ. ಅವುಗಳಿಗೆ ಈ ತಲೆನೋವು ಕಡಿಮೆ.

2018-19ರಿಂದ ಜಾರಿಯಲ್ಲಿರುವ ಸೂತ್ರದಲ್ಲಿ ಸುಮಾರು 70 ಭಾಗ ಕಾಲೇಜಿನ ಗಾತ್ರ ಮತ್ತು ವಿದ್ಯಾರ್ಥಿಗಳ ಸಂಖ್ಯೆಗೆ, 20 ಭಾಗ ಕಡಿಮೆ ಆದಾಯದ ವಿದ್ಯಾರ್ಥಿಗಳ ಸಂಖ್ಯೆಗೆ, 10 ಭಾಗ ಫಲಿತಾಂಶಕ್ಕೆ, ಅಂದರೆ ಪದವಿ, ಸರ್ಟಿಫಿಕೇಟ್ ಪಡೆದವರ ಸಂಖ್ಯೆಯಂಥದಕ್ಕೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ 20ರಲ್ಲಿದೆ. ಬಡ ವಿದ್ಯಾರ್ಥಿಗಳನ್ನು ಎಣಿಸುವುದು ಮುಖ ನೋಡಿ ಅಲ್ಲ. ಕೇಂದ್ರದ ಪೆಲ್ ಗ್ರ್ಯಾಂಟ್ (ಕಡಿಮೆ ಆದಾಯದವರಿಗೆ ಕೊಡುವ, ಸಾಮಾನ್ಯವಾಗಿ ಮರಳಿಸಬೇಕಿಲ್ಲದ ನೆರವು) ಪಡೆದವರು, ರಾಜ್ಯದ ಫೀಸು ಮಾಫಿ ಪಡೆದವರು ಇಂಥ ಪಟ್ಟಿಗಳನ್ನು ನೋಡಿ ಎಣಿಸುತ್ತಾರೆ. ಅರ್ಹತೆ ಇದ್ದೂ ಅರ್ಜಿ ಹಾಕದ ಹುಡುಗ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ನಿಮಗೆ ಅರ್ಹತೆ ಇರಲಿ ಬಿಡಲಿ, ಅರ್ಜಿ ತುಂಬಲು ಖರ್ಚಿಲ್ಲ. ತುಂಬಿಬಿಡಿ.

ಇನ್ನು ಸಂಖ್ಯೆಯ ಲೆಕ್ಕ. ಇಲ್ಲಿ ತಲೆ ಎಣಿಸುವುದಿಲ್ಲ, ಗಂಟೆ ಎಣಿಸುತ್ತಾರೆ. 525 ಬೋಧನಾ ಗಂಟೆ ಸೇರಿದರೆ ಒಬ್ಬ 'ಪೂರ್ಣಾವಧಿ ವಿದ್ಯಾರ್ಥಿ'. ವಾರಕ್ಕೆ 3 ಗಂಟೆಯ ತರಗತಿ, 30 ಹುಡುಗರು, ಸೆಮಿಸ್ಟರಿಗೆ 17.5 ವಾರ ಎಂದುಕೊಳ್ಳಿ: 3 × 30 × 17.5 = 1,575 ಗಂಟೆ, ಅಂದರೆ ಮೂವರು ಪೂರ್ಣಾವಧಿ ವಿದ್ಯಾರ್ಥಿಗಳು. ಸಾಮಾನ್ಯ ಸೆಮಿಸ್ಟರ್ ತರಗತಿಗಳಲ್ಲಿ ಈ 30 ಜನರನ್ನು ಎಣಿಸುವುದು ಅವಧಿಯ ಐದನೇ ಒಂದು ಭಾಗ ಮುಗಿದಾಗ ಬರುವ 'ಸೆನ್ಸಸ್' ದಿನ. ಅದಕ್ಕೆ ಮುಂಚೆ ಐವರು ಬಿಟ್ಟುಹೋದರೆ ಲೆಕ್ಕ ಎರಡೂವರೆಗೆ ಇಳಿಯಿತು. ಮಾರನೇ ದಿನ ಬಿಟ್ಟರೆ ಈ ಲೆಕ್ಕ ಕದಲುವುದಿಲ್ಲ. ತರಗತಿಗೇ ಬಾರದವರ ಹೆಸರನ್ನು ಮೇಷ್ಟ್ರು ಆ ದಿನದೊಳಗೆ ತೆಗೆದುಹಾಕುವುದು ನಿಯಮ. ಮಗ ಮೊದಲೆರಡು ವಾರ ತಪ್ಪಿಸಿಕೊಂಡರೆ ಹೆಸರು ಹೋದೀತು, ಎಚ್ಚರ.

ಪ್ರಶ್ನೆ: ವರ್ಜೀನಿಯದಲ್ಲಿ ತಮ್ಮನಿಗೆ ಕೆಲವು ವಾರಗಳ ವೆಲ್ಡಿಂಗ್ ಕೋರ್ಸು ಮಾಡಿಸಬೇಕೆಂದಿದ್ದೇವೆ. ಮೂರನೇ ಒಂದು ಭಾಗ ಮಾತ್ರ ಕಟ್ಟಿದರೆ ಸಾಕಂತೆ. ನಿಜವೇ?

ಉತ್ತರ: ನಿಜ, ಆದರೆ ಷರತ್ತಿದೆ. 2016ರಲ್ಲಿ ಶುರುವಾದ ಈ ಯೋಜನೆಯನ್ನು ಕಾಲೇಜುಗಳು 'ಫಾಸ್ಟ್‌ಫಾರ್ವರ್ಡ್' ಹೆಸರಿನಲ್ಲಿ ನಡೆಸುತ್ತವೆ. ಉದಾಹರಣೆಗೆ ಕೋರ್ಸಿನ ಖರ್ಚು 3,600 ಡಾಲರ್ ಎನ್ನಿ. ಸೇರುವಾಗ ತಮ್ಮ 1,200 ಕಟ್ಟಬೇಕು. ಕೋರ್ಸು ಮುಗಿಸಿದರೆ ರಾಜ್ಯ 1,200 ಕೊಡುತ್ತದೆ. ಪರೀಕ್ಷೆ ಪಾಸಾಗಿ ಉದ್ಯಮ ಮಾನ್ಯ ಮಾಡುವ ಸರ್ಟಿಫಿಕೇಟ್ ಕೈಗೆ ಬಂದರೆ ಕೊನೆಯ 1,200 ಕೂಡ ರಾಜ್ಯದ್ದೇ.

ಅರ್ಧಕ್ಕೆ ಬಿಟ್ಟರೆ? ಎರಡನೇ 1,200 ತಮ್ಮನ ತಲೆಗೆ ಬರುತ್ತದೆ. ಕೋರ್ಸು ಮುಗಿಸಿ ಪರೀಕ್ಷೆಗೆ ಕೂರದಿದ್ದರೆ ನಷ್ಟ ಕಾಲೇಜಿಗೆ, ಅದಕ್ಕೇ ಅವರು ಪರೀಕ್ಷೆ ಬರೆಯಿರಿ ಎಂದು ಫೋನ್ ಮಾಡುತ್ತಲೇ ಇರುತ್ತಾರೆ. ಸೇರುವ ಮುನ್ನ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ಈ ಕೋರ್ಸು ಯೋಜನೆಯ ಪಟ್ಟಿಯಲ್ಲಿದೆಯೇ, ಪರೀಕ್ಷಾ ಶುಲ್ಕ ಆ ಮೊತ್ತದಲ್ಲೇ ಸೇರಿದೆಯೇ, ಎಷ್ಟು ಗೈರುಹಾಜರಿಯಾದರೆ 'ಮುಗಿಸಿಲ್ಲ' ಎಂದು ಬರೆಯುತ್ತಾರೆ. ಪಾಳಿ ಕೆಲಸ ಮಾಡುವವರು ಎಡವುವುದು ಹೆಚ್ಚಾಗಿ ಮೂರನೆಯದರಲ್ಲೇ.

ಪೆಲ್ ಗ್ರ್ಯಾಂಟ್ ವಿಷಯವನ್ನೂ ನೋಡಿ. ಅದಕ್ಕೆ ಸಾಮಾನ್ಯವಾಗಿ 600 ಗಂಟೆ, 15 ವಾರದ ಕೋರ್ಸು ಬೇಕಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು, 2026ರ ಜುಲೈ 1ರಿಂದ, 150ರಿಂದ 599 ಗಂಟೆಯ ಕೋರ್ಸುಗಳಿಗೂ ಅದನ್ನು ತೆರೆದಿದೆ. ಆದರೆ ಕೋರ್ಸು ಕನಿಷ್ಠ 8 ವಾರ ಇರಬೇಕು, 15ಕ್ಕಿಂತ ಕಡಿಮೆ ಇರಬೇಕು. ಗವರ್ನರ್ ಒಪ್ಪಿಗೆ ಬೇಕು. ನೂರಕ್ಕೆ 70 ಜನ ಮುಗಿಸಿರಬೇಕು, ಮುಗಿಸಿದವರಲ್ಲಿ 70 ಭಾಗಕ್ಕೆ ಕೆಲಸ ಸಿಕ್ಕಿರಬೇಕು. ಆರು ವಾರದ ಕೋರ್ಸಿಗೆ ಇದು ಸಿಗುವುದಿಲ್ಲ.

ಪ್ರಶ್ನೆ: ಕೆಲಸ ಹೋದವರು ಕಾಲೇಜಿಗೆ ಬರುವ ಹೊತ್ತಿಗೇ ರಾಜ್ಯಗಳು ಅನುದಾನ ಕತ್ತರಿಸುತ್ತವಲ್ಲ?

ಉತ್ತರ: ಹೌದು, ಅದು ಈ ವ್ಯವಸ್ಥೆಯ ಹುಟ್ಟುಗುಣ. ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಬಜೆಟ್ ಸರಿದೂಗಿಸಲೇಬೇಕು, ಕೇಂದ್ರದ ಹಾಗೆ ಸಾಲ ಮಾಡಿ ನಡೆಸುವಂತಿಲ್ಲ. ತೆರಿಗೆ ಇಳಿದಾಗ ಶಾಲೆ, ಜೈಲು, ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಕೈಹಾಕುವುದು ಕಷ್ಟ. ಕಾಲೇಜಾದರೆ ಫೀಸು ಏರಿಸಿಕೊಳ್ಳಲಿ ಎಂದು ಬಿಡುತ್ತಾರೆ. ಆಗ ಮೊದಲು ಪೆಟ್ಟು ತಿನ್ನುವುದು ದುಬಾರಿ ಕೋರ್ಸುಗಳು. ಇತಿಹಾಸದ ತರಗತಿಗೆ ಮೇಷ್ಟ್ರು, ಬೋರ್ಡು, ಬೆಂಚು ಸಾಕು. ವೆಲ್ಡಿಂಗ್‌ಗೆ ಒಬ್ಬೊಬ್ಬರಿಗೆ ಒಂದು ಬೂತ್, ಹೊಗೆ ಎಳೆಯುವ ಯಂತ್ರ, ಆರ್ಗಾನ್ ಗ್ಯಾಸು, ದಿನವೂ ಕತ್ತರಿಸಿ ಎಸೆಯುವ ಉಕ್ಕು ಬೇಕು. ಗಂಟೆಗೆ ಒಂದೇ ದರ ಕೊಡುವ ರಾಜ್ಯದಲ್ಲಿ ಇವೆರಡಕ್ಕೂ ಬರುವ ಹಣ ಒಂದೇ. ನಾರ್ತ್ ಕೆರೊಲಿನ ಖರ್ಚಿನ ಪ್ರಕಾರ ಕೋರ್ಸುಗಳನ್ನು ಶ್ರೇಣಿ ಮಾಡಿ ದುಬಾರಿಯವಕ್ಕೆ ಹೆಚ್ಚು ಕೊಡುತ್ತದೆ. ನಮ್ಮ ಪ್ರಕಾರ ಫಲಿತಾಂಶ ಆಧರಿಸಿದ ಎಷ್ಟೋ ಜಾಣ ಸೂತ್ರಗಳಿಗಿಂತ ಅದೇ ಮೇಲು.

ಪ್ರಶ್ನೆ: ಅಯೋವಾದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ಹೊಸಬರ ತರಬೇತಿಗೆ ಕಾಲೇಜಿನ ಮೂಲಕ ಹಣ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. '260ಇ' ಎಂದು ಕೇಳಿ, 1983ರ ಯೋಜನೆ. ಕಾಲೇಜು ಸಾಲಪತ್ರ ಮಾರಿ ತರಬೇತಿಯ ಹಣ ಎತ್ತುತ್ತದೆ. ಹೊಸ ನೌಕರರ ಸಂಬಳದಿಂದ ರಾಜ್ಯ ಆದಾಯ ತೆರಿಗೆ ಎಂದು ನೀವು ಹೇಗೂ ಮುರಿದುಕೊಳ್ಳುತ್ತೀರಲ್ಲ, ಅದರಲ್ಲಿ ಒಟ್ಟು ಸಂಬಳದ ಶೇ. 1.5ರಷ್ಟು ರಾಜ್ಯಕ್ಕೆ ಹೋಗುವ ಬದಲು ಕಾಲೇಜಿಗೆ ಹೋಗಿ ಸಾಲ ತೀರಿಸುತ್ತದೆ. 50,000 ಡಾಲರ್ ಸಂಬಳದ 20 ಹೊಸ ಹುದ್ದೆಗಳಾದರೆ ವರ್ಷಕ್ಕೆ 15,000 ಡಾಲರ್. ಹತ್ತು ಜನರನ್ನಷ್ಟೇ ತೆಗೆದುಕೊಂಡರೆ ಅದು 7,500ಕ್ಕೆ ಇಳಿಯುತ್ತದೆ, ಸಾಲ ಮಾತ್ರ ಇಳಿಯುವುದಿಲ್ಲ. ಕೊರತೆ ತುಂಬುವ ಹೊಣೆ ಒಪ್ಪಂದದಲ್ಲಿ ನಿಮ್ಮದೇ ಆಗಿರುತ್ತದೆ. ಆದ್ದರಿಂದ ಹುದ್ದೆಗಳ ಸಂಖ್ಯೆಯನ್ನು ಆಸೆಯಿಂದಲ್ಲ, ಕೈಲಿರುವ ಆರ್ಡರ್ ನೋಡಿ ಬರೆಯಿರಿ. ಮಾತುಕತೆಯನ್ನು ಜನರನ್ನು ತೆಗೆದುಕೊಳ್ಳುವ ಮೊದಲೇ ಶುರುಮಾಡಿ.

ಪ್ರಶ್ನೆ: ಟೆಕ್ಸಸ್‌ನಲ್ಲಿ ಹೈಸ್ಕೂಲಿನಲ್ಲಿರುವ ಮಗಳು ಕಾಲೇಜಿನ 12 ಕ್ರೆಡಿಟ್ ಮುಗಿಸಿದ್ದಾಳೆ. ಇನ್ನೊಂದು ಕೋರ್ಸು ತಗೊಳ್ಳಲಿ ಎಂದು ಒತ್ತಾಯ. ಬೇಕೇ?

ಉತ್ತರ: 2023ರ ಹೌಸ್ ಬಿಲ್ 8 ಎಂಬ ರಾಜ್ಯ ಕಾನೂನು ಬಂದ ಮೇಲೆ ಅಲ್ಲಿ ಅನುದಾನ ಹೆಚ್ಚಾಗಿ ಫಲಿತಾಂಶಕ್ಕೆ. ಪದವಿಗೆ ಅನ್ವಯಿಸುವ 15 ಡುಯಲ್ ಕ್ರೆಡಿಟ್ (ಹೈಸ್ಕೂಲು, ಕಾಲೇಜು ಎರಡರ ಲೆಕ್ಕಕ್ಕೂ ಬರುವ ಕ್ರೆಡಿಟ್) ಮುಗಿಸಿದ ವಿದ್ಯಾರ್ಥಿ ಒಂದು ಫಲಿತಾಂಶ. 12ಕ್ಕೆ ಅದು ಸಿಗದು. ಆ ಮೂರು ಕ್ರೆಡಿಟ್ ಕಾಲೇಜಿಗೆ ಬೇಕು, ಸರಿ. ಮಗಳಿಗೆ ಬೇಕೇ ಎಂಬುದು ಅವಳು ಸೇರಬೇಕೆಂದಿರುವ ಯೂನಿವರ್ಸಿಟಿಯ ವಿಷಯಪಟ್ಟಿ ನೋಡಿದರೆ ತಿಳಿಯುತ್ತದೆ. ಆ ಪದವಿಗೆ ಲೆಕ್ಕಕ್ಕೆ ಬರುವ ಕೋರ್ಸಾದರೆ ತಗೊಳ್ಳಲಿ, ಬರೀ ಐಚ್ಛಿಕವಾದರೆ ಬೇಡ. ಕಳೆದ ನಾಲ್ಕು ಶಾಲಾ ವರ್ಷಗಳಲ್ಲಿ ಎಂದಾದರೂ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅವಳು ಅರ್ಹಳಾಗಿದ್ದರೆ, 'ಫಾಸ್ಟ್' ಯೋಜನೆಗೆ ಸೇರಿದ ಕಾಲೇಜಿನಲ್ಲಿ ಆ ಕೋರ್ಸಿಗೆ ಫೀಸಿಲ್ಲ.