ವಿಮರ್ಶಕರು ನೋಡಿದ್ದು ಯಾವ ಪ್ರಿಂಟು?

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳೆಲ್ಲ ತೊಂಬತ್ತರ ದಶಕದ ಸಿನಿಮಾಗಳು ಮತ್ತು ಅವುಗಳಿಗೆ ಆಗ ಬಂದಿದ್ದ ವಿಮರ್ಶೆಗಳ ಸುತ್ತಲೇ ಇವೆ.

ಮನ್ಯಾಗ ಹಳೇ ಪೇಪರ್ ಕಟಿಂಗ್ ಸಿಕ್ಕಾವು. 1994ರ ಒಂದು ಸಿನಿಮಾಕ್ಕ ‘ವಿರಾಮದ ನಂತರ ಅರ್ಧ ಗಂಟೆ ಕತ್ತರಿಸಬೇಕಿತ್ತು’ ಅಂತ ಬರದಾರ. ಅದ ಸಿನಿಮಾ ಮೊನ್ನೆ ಮೊಬೈಲ್‌ನ್ಯಾಗ ನೋಡಿದ್ವಿ, ಎಲ್ಲೂ ಬ್ಯಾಸರ ಆಗಲಿಲ್ಲ. ವಿಮರ್ಶಕರು ತಪ್ಪಿದ್ರೋ, ನಮ್ಮ ರುಚಿ ಬ್ಯಾರೇನೋ? (ಕೇಶ್ವಾಪುರ, ಹುಬ್ಬಳ್ಳಿ)

ರುಚಿಯ ಮಾತು ಆಮೇಲೆ, ಮೊದಲು ಅಳತೆ. ಸಿನಿಮಾದ ಶುರುವಿಗೆ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ಅಲ್ಲೇ ನಿಲ್ಲಿಸಿ ಓದಿ. ಅದರಲ್ಲಿ ಚಿತ್ರದ ಉದ್ದ ಮೀಟರಿನಲ್ಲಿ ಇರುತ್ತದೆ, ಎಷ್ಟು ರೀಲು ಅನ್ನುವುದೂ ಇರುತ್ತದೆ. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನಂತೆ (ಫ್ರೇಮ್) ಓಡಿದರೆ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಖರ್ಚಾಗುತ್ತದೆ. ಹಾಗಾಗಿ ಮೀಟರನ್ನು 27.4ರಿಂದ ಭಾಗಿಸಿದರೆ ನಿಮಿಷ ಸಿಗುತ್ತದೆ. ಸರ್ಟಿಫಿಕೇಟಿನಲ್ಲಿ 4,400 ಮೀಟರ್ ಎಂದಿದ್ದರೆ ಆ ಚಿತ್ರ ಸುಮಾರು 160 ನಿಮಿಷದ್ದು. ನಿಮ್ಮ ಮೊಬೈಲಿನಲ್ಲಿ ಅದು 138 ನಿಮಿಷಕ್ಕೆ ಮುಗಿದಿದ್ದರೆ, ವಿಮರ್ಶಕರು ಕುಳಿತು ನೋಡಿದ್ದಕ್ಕಿಂತ ಇಪ್ಪತ್ತೆರಡು ನಿಮಿಷ ಕಡಿಮೆ.

ಆದರೆ ಆ ಇಪ್ಪತ್ತೆರಡೂ ಕತ್ತರಿಗೆ ಹೋದದ್ದಲ್ಲ. ನಮ್ಮ ಹಳೆಯ ಟಿವಿ ಮತ್ತು ವಿಸಿಡಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಚೌಕಟ್ಟು. ಮೊಬೈಲಿನ ಪ್ರತಿಯೂ ಅಲ್ಲಿಂದಲೇ ಬಂದಿರಬಹುದು. 24ರ ಫಿಲ್ಮನ್ನು 25ರಲ್ಲಿ ಓಡಿಸಿದಾಗ ನೂರು ನಿಮಿಷ 96ಕ್ಕೆ ಮುಗಿಯುತ್ತದೆ. 160 ನಿಮಿಷದ ಚಿತ್ರ ಒಂದು ದೃಶ್ಯವೂ ಕಳೆಯದೆ 154 ಆಗುತ್ತದೆ. ಅಂದಮೇಲೆ ನಿಜವಾಗಿ ಹೋದದ್ದು ಸುಮಾರು 16 ನಿಮಿಷ. ಇಂಥಲ್ಲಿ ಮೊದಲು ಬಲಿಯಾಗುವುದು ಕಥೆಗೆ ಅಂಟದ ಹಾಸ್ಯದ ಎಳೆ, ಆಮೇಲೆ ಒಂದೆರಡು ಹಾಡು. ವಿಮರ್ಶಕರು ‘ಕತ್ತರಿಸಬೇಕಿತ್ತು’ ಎಂದ ಭಾಗವೂ ಹೆಚ್ಚಾಗಿ ಇದೇ. ಅಂದರೆ ಅವರ ಸಲಹೆಯನ್ನು ಯಾರೋ ತಡವಾಗಿ ಪಾಲಿಸಿದ ಆವೃತ್ತಿಯನ್ನು ನೋಡಿ, ಅವರದೇ ತಪ್ಪು ಎನ್ನುತ್ತಿರಬಹುದು ನೀವು!

ವೇಗ ಹೆಚ್ಚಾಗಿದೆಯೋ ಇಲ್ಲವೋ ತಿಳಿಯಲು ಹಾಡು ಸಾಕು. ಕಂಪನಿಯ ಅಧಿಕೃತ ಆಡಿಯೊ ಜೊತೆಗಿಟ್ಟುಕೊಂಡು ಒಂದೇ ಚರಣವನ್ನು ಎರಡರಲ್ಲೂ ಗಡಿಯಾರ ಹಿಡಿದು ಅಳೆಯಿರಿ. ಆಡಿಯೊದಲ್ಲಿ 60 ಸೆಕೆಂಡ್ ಇದ್ದದ್ದು ಚಿತ್ರದಲ್ಲಿ 57 ಚಿಲ್ಲರೆ ಬಂದರೆ ಅದು 25ರ ಓಟ. ಇಡೀ ಹಾಡು ಅಳೆಯಬೇಡಿ, ಚಿತ್ರಕ್ಕೆ ಒಂದು ಚರಣ ಬಿಟ್ಟು ಬಳಸುವುದು ಮಾಮೂಲಿ, ಲೆಕ್ಕ ಕೆಡುತ್ತದೆ. ಈ ಓಟದಲ್ಲಿ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರುತ್ತದೆ, ದಪ್ಪ ದನಿಯವರೂ ಸ್ವಲ್ಪ ತೆಳ್ಳಗೆ ಕೇಳುತ್ತಾರೆ. ‘ನಾಯಕನ ದನಿಗೆ ಗಾಂಭೀರ್ಯವಿದೆ’ ಎಂಬ ಹಳೆಯ ಸಾಲು ಓದಿ ನಗುವ ಮೊದಲು ಇದನ್ನು ನೋಡಿ.

ಸರ್ಟಿಫಿಕೇಟಿನ ಕೆಳಗೆ ಎಡಮೂಲೆಯಲ್ಲಿ ತ್ರಿಕೋನ ಇದ್ದರೆ ಸೆನ್ಸಾರಿನವರೇ ಕತ್ತರಿ ಹಾಕಿದ್ದಾರೆ ಎಂದರ್ಥ. ತಾರೀಖನ್ನೂ ನೋಡಿ. ಆಗಿನ ಕಾನೂನಿನಲ್ಲಿ ಸರ್ಟಿಫಿಕೇಟಿಗೆ ಹತ್ತು ವರ್ಷದ ಅವಧಿ ಎಂದಿತ್ತು, ಮತ್ತೆ ತೆರೆಗೆ ತರುವಾಗ ಹೊಸದು ಪಡೆದಿರಬಹುದು. 1994ರ ಚಿತ್ರಕ್ಕೆ 2005ರ ಸರ್ಟಿಫಿಕೇಟು ಅಂಟಿಕೊಂಡಿದ್ದರೆ ಅದರಲ್ಲಿನ ಉದ್ದ ಮರುಬಿಡುಗಡೆಯ ಪ್ರಿಂಟಿನದು. ಅದರಿಂದ ಮೊದಲ ವಾರದ ವಿಮರ್ಶೆಯನ್ನು ಅಳೆಯಲು ಬರುವುದಿಲ್ಲ.

ಇನ್ನು ಅಗಲ. ಸಿನಿಮಾಸ್ಕೋಪಿನ ಚಿತ್ರ 2.35ಕ್ಕೆ 1ರ ಅಳತೆಯದು, ಹಳೆಯ ಟಿವಿ 1.33ಕ್ಕೆ 1. ಟಿವಿ ತುಂಬುವಂತೆ ಮಾಡಿದ ಪ್ರತಿಯಲ್ಲಿ ಅಗಲದ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಭಾಗ ಇರುವುದೇ ಇಲ್ಲ. ಇಬ್ಬರು ಎದುರುಬದುರು ನಿಂತ ದೃಶ್ಯದಲ್ಲಿ ಬರೀ ಮೂಗು ಕಂಡರೆ ಇದೇ ಕಾರಣ. ಛಾಯಾಗ್ರಹಣದ ಬಗ್ಗೆ ವಿಮರ್ಶಕರು ಹೊಗಳಿದ್ದನ್ನಾಗಲಿ ತೆಗಳಿದ್ದನ್ನಾಗಲಿ ಅಂಥ ಪ್ರತಿಯಿಂದ ಪರೀಕ್ಷಿಸಲಾಗದು.

ಇಷ್ಟೆಲ್ಲ ತಾಳೆ ನೋಡಿದ ಮೇಲೂ ನಿಮಗೆ ಬೇಸರವಾಗದಿದ್ದರೆ, ಹೌದು, ವಿಮರ್ಶಕರೇ ಅವಸರ ಮಾಡಿದ್ದಾರೆ. ಅಂಥ ವಿಮರ್ಶೆಗಳೂ ಬೇಕಾದಷ್ಟಿವೆ.

ಸಿನಿಮಾದ ಹೆಸರು ಗೊತ್ತು, ಬಂದದ್ದು 1995ರ ಆಜೂಬಾಜು ಅಂತ ನೆನಪು. ವಿಮರ್ಶೆ ಹುಡುಕೂದು ಹ್ಯಾಂಗ? ಎಲ್ಲಿ? (ಬೆಟಗೇರಿ, ಗದಗ)

ವಿಮರ್ಶೆ ಹುಡುಕಬೇಡಿ, ಜಾಹೀರಾತು ಹುಡುಕಿ. ಜಾಹೀರಾತು ದೊಡ್ಡದು, ಪುಟ ತಿರುವುತ್ತಿದ್ದಂತೆ ಕಣ್ಣಿಗೆ ಬೀಳುತ್ತದೆ. ‘ಇಂದಿನಿಂದ’ ಎಂಬ ಮಾತಿರುವ ದಿನವೇ ಬಿಡುಗಡೆ, ಹೆಚ್ಚಾಗಿ ಶುಕ್ರವಾರ. ಅಲ್ಲಿಂದ ಮುಂದಕ್ಕೆ ದಿನಪತ್ರಿಕೆಯಾದರೆ ಹತ್ತು ದಿನ, ವಾರಪತ್ರಿಕೆಯಾದರೆ ನಾಲ್ಕು ಸಂಚಿಕೆ, ಮಾಸಿಕವಾದರೆ ಎರಡು ತಿಂಗಳು ನೋಡಿದರೆ ಸಾಕು. ವಾರಪತ್ರಿಕೆ ಅಂಗಡಿಗೆ ಬರುವುದು ಮುಖಪುಟದ ತಾರೀಖಿಗಿಂತ ಮೊದಲು ಎಂಬುದು ಲೆಕ್ಕದಲ್ಲಿರಲಿ.

ವರ್ಷದ ವಿಷಯದಲ್ಲಿ ಎಡವುವವರೇ ಹೆಚ್ಚು. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ತೆರೆಕಂಡ ಚಿತ್ರಕ್ಕೆ ಎರಡು ವರ್ಷಗಳೂ ಅಂಟಿಕೊಳ್ಳುತ್ತವೆ. ಒಂದು ವರ್ಷದ ಸಂಪುಟದಲ್ಲಿ ಸಿಗದಿದ್ದರೆ ಹಿಂದಿನ ನವೆಂಬರ್‌ನಿಂದ ಮುಂದಿನ ಫೆಬ್ರವರಿವರೆಗೆ ನೋಡಿ.

ನಿಮ್ಮ ಊರಿನವರು ಇನ್ನೊಂದು ಮಾತು ನೆನಪಿಡಬೇಕು. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಸುದ್ದಿ, ಥಿಯೇಟರ್ ಪಟ್ಟಿ ಎಲ್ಲವೂ ಧಾರವಾಡ ಜಿಲ್ಲೆಯ ಪುಟದಲ್ಲಿ ಇರುತ್ತವೆ. ಇಂಗ್ಲಿಷ್ ಪತ್ರಿಕೆಗಳ ಸಂಗ್ರಹ ಹುಡುಕುವುದಾದರೆ ಹುಬ್ಬಳ್ಳಿಯ ಹೆಸರನ್ನು ಹಳೆಯ ರೀತಿಯಲ್ಲಿ, ‘Hubli’ ಎಂದು ಟೈಪಿಸಿ. ಈಗಿನ ಕಾಗುಣಿತ ಅಧಿಕೃತವಾಗಿ ಬಂದದ್ದು 2014ರ ನವೆಂಬರ್ 1ಕ್ಕೆ.

ಎಲ್ಲಿ ಅಂದರೆ, ಹುಬ್ಬಳ್ಳಿಯಿಂದ ಬರುವ ‘ಸಂಯುಕ್ತ ಕರ್ನಾಟಕ’, ಅದೇ ಲೋಕಶಿಕ್ಷಣ ಟ್ರಸ್ಟಿನ ‘ಕರ್ಮವೀರ’, ಜೊತೆಗೆ ‘ಪ್ರಜಾವಾಣಿ’, ‘ಸುಧಾ’, ‘ತರಂಗ’, ‘ರೂಪತಾರಾ’ ಇವುಗಳಿಂದ ಶುರು ಮಾಡಿ. ‘ವಿಜಯ ಕರ್ನಾಟಕ’ದಲ್ಲಿ 1995ರ ವಿಮರ್ಶೆ ಹುಡುಕಿ ದಿನ ಕಳೆಯಬೇಡಿ, ಅದು ಶುರುವಾದದ್ದೇ 1999ರಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, ಕರ್ನಾಟಕ ವಿದ್ಯಾವರ್ಧಕ ಸಂಘ, ಗದಗದಲ್ಲೇ ಜಿಲ್ಲಾ ಕೇಂದ್ರ ಗ್ರಂಥಾಲಯ ಇವೆಲ್ಲ ಕೇಳಿ ನೋಡಬೇಕಾದ ಜಾಗಗಳು. ಹೋಗುವ ಮೊದಲು ಫೋನಿನಲ್ಲಿ ‘ಇಂಥ ಪತ್ರಿಕೆಯ ಇಂಥ ವರ್ಷದ ಬೈಂಡ್ ಮಾಡಿದ ಸಂಪುಟ ಇದೆಯೇ, ಪುರವಣಿ ಸೇರಿಸಿ ಬೈಂಡ್ ಮಾಡಿದ್ದೀರಾ’ ಎಂದೇ ಕೇಳಿ. ಪುರವಣಿಯನ್ನು ಬಿಟ್ಟು ಮುಖ್ಯ ಸಂಚಿಕೆ ಮಾತ್ರ ಬೈಂಡ್ ಮಾಡಿಸಿದ ಕಡೆ ಸಿನಿಮಾ ಪುಟವೇ ಇರುವುದಿಲ್ಲ. ಬೆಂಗಳೂರು ಆವೃತ್ತಿ, ಹುಬ್ಬಳ್ಳಿ ಆವೃತ್ತಿಗಳ ಸಿನಿಮಾ ಪುಟವೂ ಒಂದೇ ಇರಬೇಕೆಂದಿಲ್ಲ. ಯಾವ ಆವೃತ್ತಿ ಎಂದು ಬರೆದುಕೊಳ್ಳಿ.

ಇವು ಯಾವುವೂ ಆಗದಿದ್ದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. ಫಿಲ್ಮುಗಳಷ್ಟೇ ಅಲ್ಲ, ಪತ್ರಿಕೆಯ ಕಟಿಂಗುಗಳೂ ಅಲ್ಲಿವೆ. ಮೊದಲೇ ಬರೆದು ಅನುಮತಿ ಪಡೆದು ಹೋಗಿ.

ಅಪ್ಪಾರು ಕೂಡಿಸಿಟ್ಟ ಕಟಿಂಗ್ ಮುಟ್ಟಿದ್ರ ಪುಡಿ ಆಗಾಕತ್ತಾವು. ಲ್ಯಾಮಿನೇಶನ್ ಮಾಡಸ್ಲ್ಯಾ? (ಹಾವೇರಿ)

ಬ್ಯಾಡ್ರಿ! ಲ್ಯಾಮಿನೇಶನ್ನಿನ ಬಿಸಿ ಮತ್ತು ಅಂಟು ಎರಡೂ ಕಾಗದಕ್ಕೆ ಶತ್ರು, ಒಮ್ಮೆ ಮಾಡಿದರೆ ಬಿಡಿಸಲಾಗದು. ನ್ಯೂಸ್‌ಪ್ರಿಂಟ್ ಮರದ ತಿರುಳಿನಿಂದ ಆದದ್ದು. ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಹಳದಿಯಾಗುತ್ತ, ಆಮ್ಲ ಬಿಡುತ್ತ, ಕಾಗದದ ಎಳೆಗಳನ್ನೇ ತಿನ್ನುತ್ತದೆ. ಸೆಲ್ಲೊಟೇಪ್ ಕೂಡ ಬೇಡ, ಕೆಲವು ವರ್ಷದಲ್ಲಿ ಕಂದು ಕಲೆ ಬಿಟ್ಟು ಅಕ್ಷರ ನುಂಗುತ್ತದೆ.

ಮೊದಲು ಫೋಟೊ ತೆಗೆಯಿರಿ. ಕಟಿಂಗನ್ನು ಬೆರಳಿನಿಂದ ಎತ್ತದೆ, ಅಡಿಗೆ ಗಟ್ಟಿ ರಟ್ಟು ಸರಿಸಿ ಎತ್ತಿ. ಕಾಗದದ ಕೆಳಗೆ ಕಪ್ಪು ಹಾಳೆ ಹಾಸಿದರೆ ಹಿಂಬದಿಯ ಅಕ್ಷರ ಈ ಕಡೆ ಮೂಡುವುದಿಲ್ಲ. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ಫ್ಲ್ಯಾಶ್ ಆರಿಸಿ. ಮೊಬೈಲು ಕಾಗದಕ್ಕೆ ಸಮಾನಾಂತರ ಇರಲಿ, ಓರೆಯಾದರೆ ಅಂಚಿನ ಸಾಲು ಮಸುಕಾಗುತ್ತದೆ. ಇಡೀ ಕಟಿಂಗಿನದು ಒಂದು, ಆಮೇಲೆ ಒಂದೊಂದು ಕಾಲಂ ಹತ್ತಿರದಿಂದ ಬೇರೆ ಬೇರೆ. ಗ್ರಂಥಾಲಯದ ಸಂಪುಟವಾದರೆ ಮೊದಲ ಫೋಟೊ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆಯದು. ಇದನ್ನು ಬಿಟ್ಟವರು ಆಮೇಲೆ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಬೈಂಡ್ ಮಾಡಿದ್ದನ್ನು ಝೆರಾಕ್ಸ್ ಯಂತ್ರದ ಮೇಲೆ ಒತ್ತಬೇಡಿ, ಬೆನ್ನು ಮುರಿಯುತ್ತದೆ.

ಫೋಟೊದಿಂದ ಅಕ್ಷರ ತೆಗೆಯುವ ತಂತ್ರಾಂಶ ಒತ್ತಕ್ಷರಗಳಲ್ಲಿ ಎಡವುತ್ತದೆ, ಮೂಲದೊಡನೆ ಸಾಲು ಸಾಲಾಗಿ ಹೋಲಿಸಿ. ಆ ಕಾಲದ ಕಂಪ್ಯೂಟರ್ ಕಡತವೇ ಸಿಕ್ಕಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಕಡತ ಕೆಟ್ಟಿದೆ ಎಂದು ಎಸೆಯಬೇಡಿ. ಅದು ಯೂನಿಕೋಡಿಗೆ (ಈಗ ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಪದ್ಧತಿ) ಮುಂಚಿನ ಫಾಂಟು, ಪರಿವರ್ತಕದಲ್ಲಿ ಹಾಕಿದರೆ ಕನ್ನಡ ಬರುತ್ತದೆ.

‘ಮಾತೇ ಕೇಳಿಸುವುದಿಲ್ಲ’ ಎಂದು ಬರೆದ ವಿಮರ್ಶೆ ಓದಿದೆ. ಈಗ ನೋಡಿದರೆ ಪ್ರತಿ ಪದ ಸ್ಪಷ್ಟ. (ಧಾರವಾಡ, ಸಪ್ತಾಪುರ)

ಆಗಿನ ಪ್ರಿಂಟಿನಲ್ಲಿ ಧ್ವನಿ ಫಿಲ್ಮಿನ ಅಂಚಿನಲ್ಲೇ ಗೆರೆಯ ರೂಪದಲ್ಲಿ ಇರುತ್ತಿತ್ತು. ಅದನ್ನು ಓದುವ ಪುಟ್ಟ ದೀಪ ಮಂಕಾದರೆ, ಲೆನ್ಸಿಗೆ ಧೂಳು ಕೂತರೆ, ಗೆರೆಯ ಮೇಲೆ ಗೀರು ಬಿದ್ದರೆ ಮಾತು ಮಂಕು. ದೋಷ ಚಿತ್ರದ್ದೋ ಟಾಕೀಸಿನದೋ ವಿಮರ್ಶಕರಿಗೂ ಬೇರ್ಪಡಿಸುವುದು ಕಷ್ಟ. ಇಂಥ ಒಂದು ಸಾಲನ್ನು ಎರಡನೇ ಪತ್ರಿಕೆಯವರೂ ಬರೆದಿದ್ದರೆ ಮಾತ್ರ ನಂಬಿ. ಪ್ರಿಂಟಿನ ಸವೆತದ ವಿಷಯದಲ್ಲಿ 1995ರ ‘ಓಂ’ ಒಳ್ಳೆಯ ಉದಾಹರಣೆ. ಮತ್ತೆ ಮತ್ತೆ ಮರುಬಿಡುಗಡೆಯಾಗುತ್ತಲೇ ಇದ್ದ ಚಿತ್ರ ಅದು. ಮೊದಲ ವಾರ ನೋಡಿದವರೂ ಹತ್ತು ವರ್ಷದ ಮೇಲೆ ನೋಡಿದವರೂ ಕೇಳಿದ ಧ್ವನಿ ಒಂದೇ ಎನ್ನಲಾಗದು.

ನಮ್ಮ ಕಡೆ ಮಾತಿರೋ ಸಿನಿಮಾಕ್ಕ ಬೆಂಗಳೂರಿನವರು ‘ಭಾಷೆ ಸೊಗಸಾಗಿದೆ’ ಅಂತ ಬರದಾರ. ನಮಗ ಕೇಳಿದ್ರ ನಗಿ ಬರ್ತೈತಿ. (ನವಲಗುಂದ)

ಇಲ್ಲಿ ನಿಮ್ಮ ಕಿವಿಯೇ ಪ್ರಮಾಣ. ಆದರೆ ‘ನಗು ಬಂತು’ ಎಂದರೆ ಸಾಲದು, ಎಲ್ಲಿ ಎಂದು ತೋರಿಸಬೇಕು. ಕ್ರಿಯಾಪದ ಹಿಡಿಯಿರಿ. ಕೊನೆಗೊಂದು ‘ರೀ’, ನಡುವೆ ಒಂದು ‘ಐತಿ’ ತುರುಕಿ, ಕ್ರಿಯಾಪದವನ್ನು ಮಾತ್ರ ‘ಬರ್ತಾ ಇದ್ದೀನಿ’ ಎಂದೇ ಬಿಟ್ಟಿದ್ದರೆ ಅದು ಮೇಲೆ ಬಳಿದ ಬಣ್ಣ. ಧಾರವಾಡದ ಬಾಯಲ್ಲಿ ಅದು ‘ಬರಾಕತ್ತೇನಿ’ ಅಥವಾ ‘ಬರ್ಲಿಕ್ಕತ್ತೇನಿ’. ಇವೆರಡೂ ಬೇರೆ ಬೇರೆ ಮನೆತನದ ಮಾತು, ಒಂದೇ ಪಾತ್ರ ಎರಡನ್ನೂ ಆಡಿದರೆ ಬರೆದವರಿಗೆ ಊರು ಗೊತ್ತಿಲ್ಲ. ಆಮೇಲೆ ವಿಭಕ್ತಿ: ‘ಮನ್ಯಾಗ’, ‘ಊರಾಗ’ ಇರಬೇಕಾದಲ್ಲಿ ‘ಮನೆಯಲ್ಲಿ’ ನುಸುಳಿದೆಯೇ? ಹೋಗಿದ್ದಾನೆ ಎನ್ನಲು ‘ಹೋಗ್ಯಾನ’ ಇದೆಯೇ? ಕಥೆ ನಡೆಯುವ ಊರನ್ನೂ ನೋಡಿ. ಹಿರೇಕೆರೂರು, ರಾಣೆಬೆನ್ನೂರಿನ ಮಾತು ದಾವಣಗೆರೆ ಕಡೆಗೆ ವಾಲುತ್ತದೆ, ಅಲ್ಲಿನ ಪಾತ್ರ ಅಚ್ಚ ಧಾರವಾಡದಂತೆ ಮಾತಾಡದಿದ್ದರೆ ತಪ್ಪಲ್ಲ.

ನಟರದೇ ದನಿಯೋ ಡಬ್ಬಿಂಗಿನವರದೋ ಎಂಬುದೂ ಮುಖ್ಯ. ತುಟಿ ‘ಇದ್ದಾನೆ’ ಎಂದು ಆಡಿ, ದನಿ ‘ಅದಾನ’ ಎಂದರೆ ದೊಡ್ಡ ಪರದೆಯಲ್ಲಿ ಕಾಣುತ್ತದೆ, ಮೊಬೈಲಿನಲ್ಲಿ ಕಾಣದು. ಹತ್ತು ನಿಮಿಷದ ಸಂಭಾಷಣೆ ಬರೆದುಕೊಂಡು ತಪ್ಪಿದ ಕ್ರಿಯಾಪದಗಳನ್ನು ಎಣಿಸಿದರೆ ನಿಮ್ಮ ಆಕ್ಷೇಪ ವಿಮರ್ಶೆಗಿಂತ ಗಟ್ಟಿಯಾಗುತ್ತದೆ. ಬೆಂಗಳೂರಿನ ವಿಮರ್ಶಕರಿಗೆ ಇಲ್ಲಿನ ಮಾತೆಲ್ಲ ಒಂದೇ ಕೇಳಿಸುತ್ತಿತ್ತು ಎಂಬ ದೂರು ಸುಳ್ಳೇನಲ್ಲ.

ವಿಮರ್ಶಕರು ‘ಓಡದ ಚಿತ್ರ’ ಎಂದರು, ಪೋಸ್ಟರ್ ‘ಶತದಿನ’ ಎನ್ನುತ್ತದೆ. (ಹುಬ್ಬಳ್ಳಿ, ಗೋಕುಲ ರಸ್ತೆ)

ಶುಕ್ರವಾರ ಬಿಡುಗಡೆಯಾದ ಚಿತ್ರದ 99ನೇ ದಿನ ಹದಿನೈದನೇ ಶುಕ್ರವಾರ, ನೂರನೆಯದು ಮರುದಿನ ಶನಿವಾರ. ಆದ್ದರಿಂದ ಸತತ ಹದಿನೈದು ಶುಕ್ರವಾರಗಳ ಥಿಯೇಟರ್ ಪಟ್ಟಿಯಲ್ಲಿ ಆ ಹೆಸರಿರಬೇಕು. ನೋಡುವಾಗ ಮೂರು ಸಂಗತಿ ಬರೆದುಕೊಳ್ಳಿ: ಯಾವ ಊರು, ಅದೇ ಟಾಕೀಸೋ ಬದಲಾಯಿತೋ, ದಿನಕ್ಕೆ ಎಷ್ಟು ಆಟ. ನಾಲ್ಕು ಆಟದಿಂದ ಶುರುವಾಗಿ ಐದನೇ ವಾರಕ್ಕೆ ಬೆಳಗಿನ ಒಂದೇ ಆಟಕ್ಕೆ ಇಳಿದಿದ್ದರೂ ಪೋಸ್ಟರಿನ ಲೆಕ್ಕಕ್ಕೆ ಅದು ದಿನವೇ. ಹುಬ್ಬಳ್ಳಿಯಲ್ಲಿ ಮೂರು ವಾರ, ಬೇರೆಲ್ಲೋ ಒಂದು ಊರಲ್ಲಿ ನೂರು ದಿನ ಆಗಿದ್ದರೂ ಪೋಸ್ಟರ್ ಎಲ್ಲ ಊರಿಗೂ ಅದೇ. ‘ಹೊಸ ದೃಶ್ಯ ಸೇರಿಸಲಾಗಿದೆ’ ಎಂಬ ಜಾಹೀರಾತು ನಡುವೆ ಸಿಕ್ಕರೆ ಆ ತಾರೀಖನ್ನು ಬಿಡದೆ ಬರೆದುಕೊಳ್ಳಿ. ಅಲ್ಲಿಂದ ಮುಂದೆ ಓಡಿದ್ದು ವಿಮರ್ಶಕರು ನೋಡಿದ ಚಿತ್ರವಲ್ಲ.

ಕಾಲೇಜಿನ ಸ್ಮರಣ ಸಂಚಿಕೆಯಲ್ಲಿ ಹಳೆಯ ವಿಮರ್ಶೆಯನ್ನು ಇಡಿಯಾಗಿ ಹಾಕಬಹುದೇ? (ಗದಗ)

ಇಡಿಯಾಗಿ ಹಾಕಲು ಅನುಮತಿ ಬೇಕು. ಬರಹಗಾರರ ಹಕ್ಕು ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಹೆಸರಿಲ್ಲದೆ ಅಚ್ಚಾದದ್ದಕ್ಕೆ ಪ್ರಕಟವಾದ ನಂತರ 60 ವರ್ಷ. ತೊಂಬತ್ತರ ದಶಕದ ಯಾವ ವಿಮರ್ಶೆಯೂ ಇನ್ನೂ ಮುಕ್ತವಾಗಿಲ್ಲ. ಬರೆದವರು ಪತ್ರಿಕೆಯ ನೌಕರರಾಗಿದ್ದರೆ ಪತ್ರಿಕೆಯನ್ನೂ, ಹೊರಗಿನವರಾದರೆ ಅವರನ್ನೇ ಕೇಳಿ. ಚರ್ಚೆಗೆಂದು ನಾಲ್ಕಾರು ಸಾಲು ಉದ್ಧರಿಸಲು ಕಾನೂನಿನಲ್ಲಿ ಅವಕಾಶವಿದೆ, ಪತ್ರಿಕೆಯ ಹೆಸರು, ತಾರೀಖು, ಬರೆದವರ ಹೆಸರು ಜೊತೆಗಿರಲಿ. ಅದರ ಕೆಳಗೆ ನೀವು ನೋಡಿದ ಪ್ರತಿ ಎಷ್ಟು ನಿಮಿಷದ್ದು ಎಂದೂ ಒಂದು ಸಾಲು ಹಾಕಿ.