ಜುಬೈಲಿಗೆ ಹೊರಟ ತಮ್ಮನಿಗೆ

ತಮ್ಮಾ, ಸೌದಿಯ ಜುಬೈಲಿನಲ್ಲಿ ಪ್ರೊಸೆಸ್ ಇಂಜಿನಿಯರ್ ಕೆಲಸ ಸಿಕ್ಕಿದೆ, ಕೈಗೆ ಎಷ್ಟು ಉಳಿಯುತ್ತೆ, ಡ್ಯೂಟಿ ಹೇಗೆ, ಹೆಂಡತಿ ಮಕ್ಕಳನ್ನು ಕರ್ಕೊಂಡು ಬರಬಹುದಾ ಅಂತ ಕೇಳಿದ್ದೀಯ. ನಮ್ಮ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣಂ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡಿದವನು ಅಂತ ಓದಿ ಖುಷಿಯಾಯ್ತು. ನಾನೂ ರಾಣೆಬೆನ್ನೂರಿನವನೇ. ಇಲ್ಲಿಗೆ ಬಂದು ಹದಿನೇಳು ವರ್ಷವಾಯ್ತು. ದಮ್ಮಾಮಿನಲ್ಲಿ ಇಳಿದಾಗ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ ಬ್ಯಾಗಿನಲ್ಲೇ ಪುಡಿಯಾಗಿತ್ತು. ಆ ಪುಡಿಯನ್ನೇ ಶೇಂಗಾ ಚಟ್ನಿ ಜೊತೆ ಎರಡು ದಿನ ತಿಂದೆ.

ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆಫರ್ ಲೆಟರಿನಲ್ಲಿ ಬೇಸಿಕ್ ಎಷ್ಟು, ಮನೆ ಬಾಡಿಗೆಗೆ ಎಷ್ಟು ಅಂತ ಬೇರೆ ಬೇರೆ ನೋಡು. ಕೆಲಸ ಬಿಡುವಾಗ ಮೊದಲ 5 ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ವರ್ಷಗಳಿಗೆ ಪೂರ್ತಿ ತಿಂಗಳದ್ದು ಸೇರಿಸಿ ಕೊಡ್ತಾರೆ. 2 ವರ್ಷದೊಳಗೆ ನೀನಾಗಿ ರಾಜೀನಾಮೆ ಕೊಟ್ಟರೆ ಅದು ಸಿಗಲ್ಲ. ಮನೆಯವರು ಬಂದರೆ ಒಬ್ಬೊಬ್ಬರಿಗೆ ತಿಂಗಳಿಗೆ 400 ರಿಯಾಲ್ ಫೀ. ಆದ್ರೂ ಕರ್ಕೊಂಡು ಬಾ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಶಟ್‌ಡೌನ್ (ರಿಪೇರಿಗೆ ಪ್ಲಾಂಟ್ ನಿಲ್ಲಿಸೋದು) ಬಂದರೆ ಮಾತ್ರ ದಿನಕ್ಕೆ ಹನ್ನೆರಡು ತಾಸು.

ನೀನು ಕೇಳದೇ ಇರೋದು ಒಂದಿದೆ. ಅದನ್ನು ಹೇಳಲೇಬೇಕು.

ನನ್ನ ಎರಡನೇ ವರ್ಷದ ಶಟ್‌ಡೌನ್. ನೈಟ್ರೋಜನ್ ಹಾಯಿಸಿದ್ದ ಒಂದು ವೆಸೆಲ್, ಅಂದರೆ ದೊಡ್ಡ ಮುಚ್ಚಿದ ಟ್ಯಾಂಕಿನ ಒಳಗೆ ಕೆಲಸ ನಡೆದಿತ್ತು. ಬೆಳಿಗ್ಗೆ ಮೀಟರಿನಲ್ಲಿ ಆಕ್ಸಿಜನ್ ಶೇಕಡಾ 20.9, ಮಾಮೂಲಿ ಗಾಳಿಯಲ್ಲಿರುವಷ್ಟೇ ಇತ್ತು. ಊಟದ ನಂತರ ಇನ್ನೊಮ್ಮೆ ನೋಡಿಯೇ ಒಳಗಿಳಿಯೋ ಪರ್ಮಿಟ್ ಕೊಡಬೇಕು. ಮೇಲಿನವರು ಬೇಗ ಬೇಗ ಅಂದರು. ದೊಡ್ಡವರು ಹೇಳಿದರೆ ಹೂಂ ಅನ್ನೋದೇ ನಮ್ಮ ಕಡೆಯ ರೂಢಿ ಅಲ್ವಾ? ಕಂಟ್ರೋಲ್ ರೂಮಿನಲ್ಲಿ ಕೂತಲ್ಲೇ ಬೆಳಗಿನ ರೀಡಿಂಗ್ ಬರೆದು ಸಹಿ ಹಾಕಿಬಿಟ್ಟೆ. ನೈಟ್ರೋಜನ್ ಲೈನಿಗೆ ಬ್ಲೈಂಡ್ (ಪೈಪ್ ಪೂರ್ತಿ ಮುಚ್ಚುವ ತಗಡು) ಹಾಕಿರಲಿಲ್ಲ, ಮುಚ್ಚಿದ್ದ ವಾಲ್ವಿನಿಂದಲೂ ಗ್ಯಾಸ್ ಒಳಗೆ ಸೋರಿ ಆಕ್ಸಿಜನ್ ಕಡಿಮೆಯಾಗ್ತಾ ಇತ್ತು. ನೈಟ್ರೋಜನ್‌ಗೆ ವಾಸನೆ ಇಲ್ಲ, ಕೆಮ್ಮೂ ಬರಿಸಲ್ಲ. ಫಿಟ್ಟರ್ ಏಣಿ ಇಳಿದ, ಅಲ್ಲೇ ಕುಸಿದ. ಹೊರಗೆ ಕಾವಲಿದ್ದ ಹುಡುಗ ಹಿಂದೆ ಧುಮುಕದೆ, ಹಗ್ಗ ಹಿಡಿದು ಮೇಲೆಳೆದ. ಇಲ್ಲದಿದ್ದರೆ ಎರಡು ಹೆಣ ಬೀಳುತ್ತಿದ್ದವು.

ಫಿಟ್ಟರ್ ಜೀವ ಉಳಿಯಿತು. ಆದರೆ ಚಹಾದ ಕಪ್ಪು ಹಿಡಿಯಲಾರದಷ್ಟು ಅವನ ಕೈ ನಡುಗುತ್ತಿತ್ತು. ಆಸ್ಪತ್ರೆಗೆ ನೋಡಲು ಹೋದೆ. ಇಷ್ಟು ದೂರ ಬಂದಿರಲ್ಲ ಸಾಹೇಬ್ರೇ ಅಂತ ನನ್ನ ಕೈ ಹಿಡಿದುಕೊಂಡ. ಆ ಸಹಿ ನನ್ನದು ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಮುಂದಿನ ತಿಂಗಳು ಅವನನ್ನು ಊರಿಗೆ ಕಳಿಸಿದರು. ಅವನ ಊರು ಯಾವುದು ಅಂತಲೂ ನಾನು ಕೇಳಿಕೊಂಡಿರಲಿಲ್ಲ. ಆಮೇಲೆ ಬಹಳ ಹುಡುಕಿದೆ, ಸಿಗಲಿಲ್ಲ.

ತಮ್ಮಾ, ಸಹಿ ಹಾಕುವ ಮುಂಚೆ ನೀನೇ ನಡೆದು ಹೋಗಿ ಮೀಟರ್ ನೋಡು. ಆಕ್ಸಿಜನ್ ಶೇಕಡಾ 19.5ಕ್ಕಿಂತ ಕಡಿಮೆ ಇದ್ದರೆ ಯಾರೇ ಹೇಳಲಿ, ಆಗಲ್ಲ ಅನ್ನು. ಕೆಲಸ ಹೋದರೆ ನನ್ನ ಹತ್ತಿರ ಬಾ, ಬೇರೆ ಕಡೆ ನೋಡೋಣ.

ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಶನ್ (ಅದು ಅಸಲಿ ಅಂತ ಸರ್ಕಾರಿ ದೃಢೀಕರಣ) ಈಗಲೇ ಶುರು ಮಾಡು. ಬಂದ ಮೊದಲ ಶುಕ್ರವಾರ ಊಟಕ್ಕೆ ನಮ್ಮನೆಗೇ ಬಾ. ನಿಮ್ಮ ವೈನಿ ರೊಟ್ಟಿ ಬಡಿದಿರ್ತಾಳೆ.